ಹಳೇ ಡೋಜರ್ ಕೊಂಡಿದ್ದೀರಾ? ಸ್ಪ್ಯಾನರ್‌ಗೆ ಮೊದಲು ಅಳತೆ ಟೇಪು ಹಿಡಿಯಿರಿ

ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೇ ಡಿ50 ಬುಲ್ಡೋಜರ್ ತಂದುಕೊಂಡವರ ಗೋಳು ಹೆಚ್ಚುಕಡಿಮೆ ಒಂದೇ. ಮೊದಲ ವಾರ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಆಮೇಲೊಂದು ದಿನ ತಿರುವಿನಲ್ಲಿ ಚೈನು ಕಳಚಿಕೊಳ್ಳುತ್ತದೆ. ಮೇಸ್ತ್ರಿ ಬಂದು ಗ್ರೀಸ್ ಹೊಡೆದು ಬಿಗಿ ಮಾಡಿ ಹೋಗುತ್ತಾನೆ. ಕೆಲವೇ ತಿಂಗಳಲ್ಲಿ ಸ್ಪ್ರಾಕೆಟ್ ಹಲ್ಲು ಚೂಪಾಗಿ, ಫೈನಲ್ ಡ್ರೈವ್‌ನಿಂದ ಆಯಿಲ್ ಸೋರತೊಡಗುತ್ತದೆ. ಕೊಂಡ ಬೆಲೆಗಿಂತ ರಿಪೇರಿ ಬಿಲ್ಲೇ ಭಾರವಾದಾಗ ‘ಹಳೇ ಗಾಡಿ ಸಹವಾಸವೇ ಬೇಡ’ ಎನ್ನಿಸುತ್ತದೆ.

ಯಲಹಂಕ, ಬಾಗಲೂರು, ದೇವನಹಳ್ಳಿ ಕಡೆ ಬಡಾವಣೆ ಮಟ್ಟ ಮಾಡಿಸುವವರು, ಚಿಕ್ಕಬಳ್ಳಾಪುರದ ಕ್ವಾರಿಯವರು, ಕೆರೆ ಹೂಳೆತ್ತುವ ಗುತ್ತಿಗೆದಾರರು ಇಂದಿಗೂ ಹಳೇ ಡೋಜರ್ ಹುಡುಕುವುದಕ್ಕೆ ಕಾರಣವಿದೆ. ಒಂದೇ ಕಡೆ ನಿಂತು ತೋಡುವುದಕ್ಕೆ ಜೆಸಿಬಿ ಸಾಕು. ಎಕರೆಗಟ್ಟಲೆ ಮಣ್ಣು ತಳ್ಳಿ ಹರಡುವುದಕ್ಕೆ ಚೈನಿನ ಗಾಡಿಯೇ ಬೇಕು. ಹಳೇ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕ್ರಮ ತಿಳಿದರೆ ಅದನ್ನು ಇನ್ನೂ ಹಲವು ವರ್ಷ ದುಡಿಸಬಹುದು. ಆ ಕ್ರಮದ ಸಾರ ಇಷ್ಟೇ: ಬಿಚ್ಚುವ ಮೊದಲು ತೊಳೆಯಿರಿ, ತೊಳೆದ ಮೇಲೆ ಅಳೆಯಿರಿ, ಅಳತೆ ನೋಡಿ ನಿರ್ಧರಿಸಿ.

ಚೈನಿನ ಗಾಡಿ ನಮ್ಮೂರಿಗೆ ಬಂದದ್ದು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಂಜಮಿನ್ ಹೋಲ್ಟ್ 1904ರಲ್ಲಿ ಉಗಿ ಟ್ರ್ಯಾಕ್ಟರಿನ ಹಿಂಗಾಲಿ ತೆಗೆದು ಚೈನು ತೊಡಿಸಿ ಓಡಿಸಿದ. ಮೆತ್ತನೆಯ ಹೊಲದಲ್ಲಿ ಗಾಲಿ ಹೂತುಹೋಗುತ್ತಿದ್ದುದೇ ಇದಕ್ಕೆ ಕಾರಣ. ಅವನ ಕಂಪನಿ 1925ರಲ್ಲಿ ಬೆಸ್ಟ್ ಕಂಪನಿಯೊಂದಿಗೆ ಸೇರಿ ಕ್ಯಾಟರ್‌ಪಿಲ್ಲರ್ ಆಯಿತು. ನಮ್ಮಲ್ಲಿ 1964ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತ್ ಅರ್ಥ್ ಮೂವರ್ಸ್, ಅಂದರೆ ಬಿಇಎಂಎಲ್, ಹುಟ್ಟಿತು. ಜಪಾನಿನ ಕೊಮಾಟ್ಸು ವಿನ್ಯಾಸದ ಡಿ50, ಡಿ80, ಡಿ155 ಡೋಜರ್‌ಗಳು ಕೋಲಾರದ ಕೆಜಿಎಫ್ ಘಟಕದಲ್ಲಿ ತಯಾರಾಗಿ ಗಣಿ, ಅಣೆಕಟ್ಟು, ಸೈನ್ಯ ಎಂದು ದೇಶವೆಲ್ಲ ಹೋದವು. ಇಲ್ಲಿನವರಿಗೆ ಇದರಿಂದ ಒಂದು ಅನುಕೂಲ ಉಳಿದಿದೆ. ಈ ಗಾಡಿಗಳ ಕೈಪಿಡಿ, ಬಿಡಿಭಾಗ, ಕೈಪಳಗಿದ ಮೇಸ್ತ್ರಿ ಮೂರೂ ಸುತ್ತಮುತ್ತಲೇ ಸಿಗುತ್ತವೆ. ಯಶವಂತಪುರ ದಾಟಿ ಪೀಣ್ಯಕ್ಕೆ ಹೋದರೆ ಪಿನ್ನು ತಿರುವಿಕೊಡುವ, ಸಿಲಿಂಡರ್ ರಾಡಿಗೆ ಹಾರ್ಡ್ ಕ್ರೋಮ್ ಹಾಕುವ, ಗೇರು ಕತ್ತರಿಸುವ ಕಾರ್ಖಾನೆಗಳಿವೆ.

ಸವೆತ ಶುರುವಾಗುವುದು ಎಲ್ಲಿ?

ಚೈನಿನ ಗಾಡಿಯ ಒಟ್ಟು ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ಅಂಡರ್‌ಕ್ಯಾರೇಜ್‌ಗೇ ಹೋಗುತ್ತದೆ ಎಂಬುದು ಈ ಕಸುಬಿನಲ್ಲಿರುವವರೆಲ್ಲ ಒಪ್ಪುವ ಲೆಕ್ಕ. ಅಂಡರ್‌ಕ್ಯಾರೇಜ್ ಎಂದರೆ ಚೈನು, ಚೈನಿನ ಪ್ಲೇಟು, ಕೆಳಗಿನ ಮತ್ತು ಮೇಲಿನ ರೋಲರ್, ಮುಂದಿನ ಐಡ್ಲರ್, ಹಿಂದಿನ ಸ್ಪ್ರಾಕೆಟ್ ಇಷ್ಟೂ ಸೇರಿ.

ಚೈನಿನ ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಬುಷ್. ಹಳೇ ಮಾದರಿಯ ಒಣ ಚೈನಿನಲ್ಲಿ ಈ ಎರಡರ ನಡುವೆ ಆಯಿಲ್ ಇರುವುದಿಲ್ಲ. ಉತ್ತರ ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳು ಧಾರಾಳ. ಅದು ಕೀಲಿನೊಳಗೆ ಸೇರಿತೆಂದರೆ ಪ್ರತಿ ಸುತ್ತಿಗೂ ಉಕ್ಕನ್ನು ಉಜ್ಜುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆದರೂ ಚೈನು ಪೂರ್ತಿ ಉದ್ದವಾಗುತ್ತದೆ. ಹಳೇ ಸೈಕಲ್ ಚೈನು ಹಲ್ಲಿನ ಮೇಲೆ ಹತ್ತಿ ಕೂರುವುದನ್ನು ನೋಡಿರುತ್ತೀರಿ. ಇಲ್ಲೂ ನಡೆಯುವುದು ಅದೇ. ಉದ್ದವಾದ ಚೈನಿನ ಬುಷ್ ಸ್ಪ್ರಾಕೆಟ್ ಹಲ್ಲಿನ ಬುಡಕ್ಕೆ ಕೂರದೆ ನೆತ್ತಿಗೆ ಕೂರುತ್ತದೆ, ಹಲ್ಲು ಚೂಪಾಗುತ್ತದೆ.

ಇದನ್ನು ಅರಿಯದೆ ಗ್ರೀಸ್ ಹೊಡೆದು ಬಿಗಿ ಮಾಡಿದರೆ ಸಡಿಲು ಕಾಣದು, ಸವೆತ ಮಾತ್ರ ಇಮ್ಮಡಿಯಾಗುತ್ತದೆ. ಬಿಗಿದ ಚೈನು ಐಡ್ಲರ್ ಬೇರಿಂಗ್‌ನಿಂದ ಫೈನಲ್ ಡ್ರೈವ್‌ವರೆಗೆ ಎಲ್ಲವನ್ನೂ ಎಳೆದು ಹಿಡಿಯುತ್ತದೆ. ಆಯಿಲ್ ಸೋರುವುದು ಆಮೇಲಿನ ಮಾತು.

ತಪಾಸಣೆ: ಈ ಕ್ರಮದಲ್ಲೇ ಮಾಡಿ

1. ನಂಬರ್ ಪ್ಲೇಟು ಓದಿ. ಮಾದರಿ ಮತ್ತು ಸೀರಿಯಲ್ ನಂಬರ್ ಬರೆದುಕೊಳ್ಳಿ. ಒಂದೇ ಡಿ80ಯಲ್ಲಿ ಬೇರೆಬೇರೆ ಶ್ರೇಣಿಗಳಿವೆ, ಬಿಡಿಭಾಗ ಬದಲಾಗುತ್ತದೆ. ಎಂಜಿನ್ ಬದಲಾಗಿರುವ ಗಾಡಿಗಳೂ ಉಂಟು, ಹಾಗಾಗಿ ಎಂಜಿನ್ನಿನ ನಂಬರ್ ಬೇರೆಯಾಗಿ ಬರೆಯಿರಿ. ಕೈಪಿಡಿ ಮತ್ತು ಪಾರ್ಟ್ಸ್ ಪುಸ್ತಕ ಕೈಗೆ ಬರುವವರೆಗೆ ಯಾವುದನ್ನೂ ಬಿಚ್ಚಬೇಡಿ.

2. ತೊಳೆಯಿರಿ. ಹೊಟ್ಟೆಯ ಗಾರ್ಡ್ ಬಿಚ್ಚಿಸಿ ಒಳಗಿನ ಮಣ್ಣು ತೆಗೆಸಿ. ಆಯಿಲ್ ಕುಡಿದ ಮಣ್ಣು ಅಲ್ಲಿ ಗಟ್ಟಿಯಾಗಿ ಕೂತು ಸೋರಿಕೆಯನ್ನು ಮುಚ್ಚಿಡುತ್ತದೆ, ಬೆಂಕಿಗೂ ದಾರಿ. ಕೆರೆ ಕೆಲಸದಿಂದ ಬಂದ ಗಾಡಿಯಾದರೆ ರೋಲರ್ ಫ್ರೇಮಿನೊಳಗೆ ಗೋಡುಮಣ್ಣು ಒಣಗಿ ಇಟ್ಟಿಗೆಯಾಗಿರುತ್ತದೆ. ಅದನ್ನು ನೆನೆಸಿ, ಚುಚ್ಚಿ ತೆಗೆಯಬೇಕು.

3. ಚೈನು ಅಳೆಯಿರಿ. ಸ್ಪ್ರಾಕೆಟ್ ಹಲ್ಲಿಗೂ ಪ್ಲೇಟಿಗೂ ನಡುವೆ ಒಂದು ಕಬ್ಬಿಣದ ಪಿನ್ನು ಸಿಕ್ಕಿಸಿ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರೆ ಮೇಲಿನ ಚೈನು ಬಿಗಿಯಾಗಿ ನಿಲ್ಲುತ್ತದೆ. ಎಂಜಿನ್ ನಿಲ್ಲಿಸಿ, ಬ್ರೇಕ್ ಲಾಕ್ ಮಾಡಿದ ಮೇಲೆಯೇ ಹತ್ತಿರ ಹೋಗಿ. ಚೈನಿನ ಎರಡು ತುದಿಗಳನ್ನು ಕೂಡಿಸುವ ಮಾಸ್ಟರ್ ಪಿನ್ನನ್ನು ಬಿಟ್ಟು, ಒಂದು ಪಿನ್ನಿನ ನಡುವಿನಿಂದ ಐದನೇ ಪಿನ್ನಿನ ನಡುವಿಗೆ ಟೇಪು ಹಿಡಿಯಿರಿ. ಅದು ನಾಲ್ಕು ಲಿಂಕಿನ ಉದ್ದ. ಹೊಸದರಲ್ಲಿ ಪಿಚ್ 203.2 ಮಿ.ಮೀ., ಅಂದರೆ 8 ಇಂಚು ಇದ್ದ ಚೈನಾದರೆ ನಾಲ್ಕು ಲಿಂಕಿಗೆ 812.8 ಮಿ.ಮೀ. ಬರಬೇಕು. 825ರ ಹತ್ತಿರ ಬಂದಿದೆ ಎಂದರೆ ಪ್ರತಿ ಲಿಂಕೂ 3 ಮಿ.ಮೀ. ಹಿಗ್ಗಿದೆ, ಸಾಮಾನ್ಯವಾಗಿ ಅದೇ ಕೊನೆಯ ಗಡಿ. ನಿಮ್ಮ ಗಾಡಿಯ ಖಚಿತ ಅಳತೆ ಕೈಪಿಡಿಯಲ್ಲಿರುತ್ತದೆ. ಎರಡೂ ಕಡೆ, ಎರಡೆರಡು ಜಾಗದಲ್ಲಿ ಅಳೆದು ಬರೆಯಿರಿ.

4. ರೋಲರ್, ಐಡ್ಲರ್, ಸ್ಪ್ರಾಕೆಟ್ ನೋಡಿ. ರೋಲರ್ ಬದಿಯಲ್ಲಿ ಒದ್ದೆ ಮಣ್ಣು ಅಂಟಿದ್ದರೆ ಸೀಲ್ ಹೋಗಿದೆ. ತಿರುಗದೆ ನಿಂತ ರೋಲರ್ ಒಂದು ಕಡೆ ಚಪ್ಪಟೆಯಾಗುತ್ತದೆ. ಸ್ಪ್ರಾಕೆಟ್ ಹಲ್ಲಿನ ಒಂದು ಬದಿ ಮಾತ್ರ ಸವೆದಿದ್ದರೆ ಟ್ರ್ಯಾಕ್ ಫ್ರೇಮ್ ಓರೆಯಾಗಿದೆಯೇ ಎಂದು ಪರೀಕ್ಷಿಸಿ. ಅದನ್ನು ಸರಿಮಾಡದೆ ಹೊಸ ಚೈನು ಹಾಕಿದರೂ ಕಳಚಿಕೊಳ್ಳುತ್ತದೆ.

5. ಆಯಿಲ್ ಕೇಳಿ ನೋಡಿ. ಗಾಡಿ ಒಂದು ರಾತ್ರಿ ನಿಂತ ಮೇಲೆ ಫೈನಲ್ ಡ್ರೈವ್‌ನ ಡ್ರೇನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ಸಡಿಲಿಸಿ, ಮೊದಲು ಬೀಳುವ ಅರ್ಧ ಲೋಟದಷ್ಟನ್ನು ಬಿಳಿ ಬಟ್ಟಲಿಗೆ ಹಿಡಿಯಿರಿ. ನೀರಿದ್ದರೆ ಅದೇ ಮೊದಲು ಬರುತ್ತದೆ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಆಯಿಲಿನೊಂದಿಗೆ ಕಲೆತಿದೆ. ಬಟ್ಟಲಿನ ತಳಕ್ಕೆ ಹೊರಗಿನಿಂದ ಆಯಸ್ಕಾಂತ ಹಿಡಿದು ಎಳೆಯಿರಿ. ಬೂದಿಯಂಥ ನುಣುಪು ಪುಡಿ ಸರಿದು ಬಂದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಬಂದರೆ ಬೇರಿಂಗೋ ಗೇರೋ ಒಡೆಯುತ್ತಿದೆ. ಗಾಡಿ ಅಲ್ಲೇ ನಿಲ್ಲಿಸಿ.

ವರ್ಷಗಟ್ಟಲೆ ನಿಂತ ಎಂಜಿನ್ ಶುರು ಮಾಡುವುದು

ಬ್ಯಾಟರಿ ತಂದು ನೇರವಾಗಿ ಸ್ಟಾರ್ಟರ್ ಒತ್ತುವುದು ಅತಿ ದೊಡ್ಡ ಅಪಾಯ. ಸೈಲೆನ್ಸರ್ ಪೈಪಿನ ಬಾಯಿಗೆ ಮುಚ್ಚಳವಿಲ್ಲದಿದ್ದರೆ ಮಳೆನೀರು ಸಿಲಿಂಡರಿಗೆ ಇಳಿದಿರುತ್ತದೆ. ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ತಾಗಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

1. ಎಂಜಿನ್ನನ್ನು ಮೊದಲು ಕೈಯಿಂದ, ಬಾರ್ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಇಂಜೆಕ್ಟರ್ ತೆಗೆದು ಸಿಲಿಂಡರ್ ನೋಡಿಸಿ.

2. ಡೀಸೆಲ್ ಟ್ಯಾಂಕಿನ ತಳದ ಕಾಕ್ ತೆರೆದು ನೀರು, ಕೆಸರು ಹೊರಬಿಡಿ. ಕೆಸರು ಹೆಚ್ಚಿದ್ದರೆ ಟ್ಯಾಂಕನ್ನೇ ಇಳಿಸಿ ತೊಳೆಸಿ. ಡೀಸೆಲ್ ಫಿಲ್ಟರ್ ಹೊಸದು ಹಾಕಿ.

3. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಡೀಸೆಲ್ ಬಂದ್ ಇಟ್ಟುಕೊಂಡೇ ಸ್ಟಾರ್ಟರ್‌ನಿಂದ ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಕಾಯಿರಿ. ಒಮ್ಮೆಗೆ 10–15 ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಇಲ್ಲದಿದ್ದರೆ ಸ್ಟಾರ್ಟರ್ ಸುಟ್ಟುಹೋಗುತ್ತದೆ.

4. ಪಂಪಿನ ಏರ್ ತೆಗೆಯಿರಿ. ನಮ್ಮ ಮೇಸ್ತ್ರಿಗಳು ‘ಮೈಕೋ ಪಂಪು’ ಎನ್ನುವ ಸಾಲು ಪಂಪಾದರೆ ಕೈಪಂಪು ಒತ್ತುತ್ತಾ ಮೊದಲು ಫಿಲ್ಟರಿನ, ಆಮೇಲೆ ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದಶಕಗಳ ಕಾಲ ಈ ಪಂಪು ತಯಾರಾದ್ದರಿಂದ ಇದನ್ನು ಬಲ್ಲ ಡೀಸೆಲ್ ಲ್ಯಾಬ್‌ಗಳು ಬೆಂಗಳೂರಿನಲ್ಲಿ ಹೇರಳ. ಕಮ್ಮಿನ್ಸ್ ಎಂಜಿನ್ನಿನ ಪಿಟಿ ಪಂಪಿಗೆ ಈ ವಿಧಾನ ಹೊಂದುವುದಿಲ್ಲ. ಅದಕ್ಕೆ ಪಿಟಿ ಬಲ್ಲವರೇ ಬೇಕು.

5. ಮೊದಲ ಸಲ ಶುರು ಮಾಡುವಾಗ ಏರ್ ಕ್ಲೀನರಿನ ಪೈಪು ಬಿಚ್ಚಿಟ್ಟು, ಆ ಬಾಯಿ ಮುಚ್ಚುವಷ್ಟು ದೊಡ್ಡ ಪ್ಲೈವುಡ್ ತುಂಡು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ನಿಂತು ತುಕ್ಕು ಹಿಡಿದ ಪಂಪಿನಲ್ಲಿ ಡೀಸೆಲ್ ಪ್ರಮಾಣ ಹೊಂದಿಸುವ ರ‍್ಯಾಕ್ ಸಿಕ್ಕಿಕೊಂಡರೆ ಎಂಜಿನ್ ಲಗಾಮಿಲ್ಲದೆ ಓಡುತ್ತದೆ. ಆಗ ಗಾಳಿ ಕಟ್ಟುವುದೊಂದೇ ದಾರಿ. ಕೈಯಿಂದಾಗಲಿ, ಬಟ್ಟೆಯಿಂದಾಗಲಿ ಮುಚ್ಚಲು ಹೋಗಬೇಡಿ.

ಶುರುವಾದ ಮೇಲೆ ಹೊಗೆ ನೋಡಿ. ಕಪ್ಪು ಹೊಗೆ ನಿಲ್ಲದಿದ್ದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಅಥವಾ ಲೈನರ್ ಶಂಕಿಸಿ.

ರಿಪೇರಿ: ಯಾವುದು ಮೊದಲು?

ಚೈನು. ಬುಷ್ ಒಂದೇ ಬದಿಯಲ್ಲಿ ಸವೆದಿದ್ದು, ಇನ್ನೂ ತೆಳುವಾಗದೆ ಇದ್ದರೆ ಪಿನ್ನು–ಬುಷ್‌ಗಳನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಬಹುದು. ಸವೆಯದ ಬದಿ ಸ್ಪ್ರಾಕೆಟ್ಟಿಗೆ ಬರುತ್ತದೆ, ಅದೇ ಚೈನಿಗೆ ಇನ್ನೊಂದು ಆಯುಷ್ಯ. ಇದಕ್ಕೆ ಟ್ರ್ಯಾಕ್ ಪ್ರೆಸ್ ಬೇಕು, ಸುತ್ತಿಗೆಯಿಂದ ಆಗುವ ಕೆಲಸವಲ್ಲ. ತಡಮಾಡಿದರೆ ಬುಷ್ ಬಿರುಕು ಬಿಟ್ಟು ಆ ಅವಕಾಶವೂ ಹೋಗುತ್ತದೆ. ಹೊಸ ಚೈನು ಹಾಕುವುದಾದರೆ ಸ್ಪ್ರಾಕೆಟ್ ಕೂಡ ಹೊಸದಿರಲಿ. ಚೂಪಾದ ಹಲ್ಲು ಹೊಸ ಬುಷ್ಷನ್ನು ಬೇಗ ತಿನ್ನುತ್ತದೆ.

ಸ್ಟೀರಿಂಗ್ ಕ್ಲಚ್. ಲಿವರ್ ಎಳೆದಾಗ ಆ ಬದಿಯ ಚೈನಿಗೆ ಹೋಗುವ ಶಕ್ತಿ ಕಡಿಯಬೇಕು, ಬ್ರೇಕ್ ಹಿಡಿದಾಗ ಅದು ನಿಲ್ಲಬೇಕು. ಹೊರೆಯಿಲ್ಲದಾಗ ನೇರ ಹೋಗುವ ಗಾಡಿ ಮಣ್ಣು ತಳ್ಳುವಾಗ ಒಂದೇ ಕಡೆ ವಾಲಿದರೆ ಆ ಬದಿಯ ಕ್ಲಚ್ ಜಾರುತ್ತಿದೆ. ಲಿವರ್ ಎಳೆದರೂ ತಿರುಗದಿದ್ದರೆ ಪ್ಲೇಟುಗಳು ಅಂಟಿಕೊಂಡಿವೆ ಅಥವಾ ಬ್ರೇಕ್ ಬ್ಯಾಂಡ್ ಸವೆದಿದೆ. ಬಿಚ್ಚುವ ಮೊದಲು ಲಿಂಕೇಜ್ ಹೊಂದಾಣಿಕೆ ನೋಡಿ. ಎಷ್ಟೋ ಗಾಡಿಗಳಲ್ಲಿ ದೋಷ ಅಲ್ಲೇ ಮುಗಿಯುತ್ತದೆ.

ಬ್ಲೇಡು. ಕಟಿಂಗ್ ಎಡ್ಜ್‌ಗೆ ಎರಡೂ ಕಡೆ ಧಾರೆ ಇರುತ್ತದೆ. ಒಂದು ಕಡೆ ಸವೆದ ಕೂಡಲೇ ಬೋಲ್ಟು ಬಿಚ್ಚಿ ತಿರುಗಿಸಿ ಹಾಕಿ. ಬ್ಲೇಡಿನ ಮೂಲ ತಗಡಿಗೆ ಸವೆತ ತಲುಪಿದರೆ ಖರ್ಚು ಹಲವು ಪಟ್ಟು. ಬೆಸುಗೆ ಹಾಕಿಸುವುದಿದ್ದರೆ ಲೋ ಹೈಡ್ರೋಜನ್ ರಾಡನ್ನು ಓವನ್ನಿನಲ್ಲಿ ಒಣಗಿಸಿ, ದಪ್ಪ ಉಕ್ಕನ್ನು ಮೊದಲು ಬಿಸಿ ಮಾಡಿಸಿ. ಇಲ್ಲದಿದ್ದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಏಳುತ್ತದೆ. ಬ್ಯಾಟರಿ ವೈರು ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಹತ್ತಿರವೇ ಹಿಡಿಸಿ. ದೂರ ಹಿಡಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ.

ದಿನದ, ವಾರದ, ಋತುವಿನ ಆರೈಕೆ

1. ದಿನಾ ಬೆಳಿಗ್ಗೆ: ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಹೈಡ್ರಾಲಿಕ್ ಆಯಿಲ್ ಮಟ್ಟ, ಗಾಡಿ ಕೆಳಗೆ ಹೊಸ ಕಲೆ ಬಿದ್ದಿದೆಯೇ ಎಂದು ನೋಟ.

2. ದಿನಾ ಸಂಜೆ: ಚೈನಿನ ಮಣ್ಣು ತೆಗೆಯಿರಿ. ಹಸಿ ಇದ್ದಾಗ ಸಲಿಕೆ ಸಾಕು, ಒಣಗಿದರೆ ಸುತ್ತಿಗೆ ಬೇಕು. ಟರ್ಬೊ ಇರುವ ಎಂಜಿನ್ನನ್ನು ನಿಲ್ಲಿಸುವ ಮೊದಲು ಐದು ನಿಮಿಷ ನಿಧಾನವಾಗಿ ಓಡಲು ಬಿಡಿ. ಡೀಸೆಲನ್ನು ಸಂಜೆಯೇ ತುಂಬಿಸಿದರೆ ಖಾಲಿ ಟ್ಯಾಂಕಿನಲ್ಲಿ ರಾತ್ರಿ ನೀರು ಹನಿಗಟ್ಟುವುದಿಲ್ಲ.

3. ವಾರಕ್ಕೊಮ್ಮೆ: ಚೈನಿನ ಜೋಲು ಅಳೆಯಿರಿ. ಐಡ್ಲರ್ ಮತ್ತು ಮೇಲಿನ ರೋಲರ್ ಮೇಲೆ ನೇರ ಪಟ್ಟಿ ಇಟ್ಟು ನಡುವಿನ ಜೋಲು ನೋಡಿ. ಕೊಮಾಟ್ಸು ಮಾದರಿಯ ಗಾಡಿಗಳಲ್ಲಿ ಸಾಮಾನ್ಯವಾಗಿ 20–30 ಮಿ.ಮೀ. ಇರಬೇಕು. ಕೆರೆಯಲ್ಲಿ ಕೆಲಸವಿದ್ದರೆ ಅಲ್ಲಿನ ಮಣ್ಣು ಮೆತ್ತಿಕೊಂಡಿರುವಾಗಲೇ ಅಳೆದು ಹೊಂದಿಸಿ. ಶೆಡ್ಡಿನಲ್ಲಿ ಒಣಗಿದ್ದಾಗ ಹೊಂದಿಸಿದ ಚೈನು ಕೆಸರು ತುಂಬಿದಾಗ ಬಿಗಿದು ನಿಲ್ಲುತ್ತದೆ.

4. ಏರ್ ಕ್ಲೀನರ್: ಬೇಸಿಗೆಯಲ್ಲಿ ಹೆಚ್ಚು ಗಮನ. ಫಿಲ್ಟರಿಗಿಂತಲೂ ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ನೋಡಿ. ಅಲ್ಲಿ ಸಣ್ಣ ಸೀಳಿದ್ದರೆ ಧೂಳು ನೇರ ಒಳಗೆ ಹೋಗಿ ರಿಂಗು–ಲೈನರ್‌ಗಳನ್ನು ತಿನ್ನುತ್ತದೆ.

5. ರೇಡಿಯೇಟರ್: ನಮ್ಮ ಬೋರ್‌ವೆಲ್ ನೀರು ಗಡಸು, ಸುಣ್ಣದಂತೆ ಪದರ ಕಟ್ಟಿ ಎಂಜಿನ್ ಕಾಯುತ್ತದೆ. ಮೆದು ನೀರಿಗೆ ಸರಿಯಾದ ಕೂಲಂಟ್ ಬೆರೆಸಿ. ಕೂಲಂಟ್ ಇಲ್ಲದಿದ್ದರೆ ಲೈನರಿನ ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ.

6. ಮಳೆಗಾಲಕ್ಕೆ ಮುನ್ನ: ಸೈಲೆನ್ಸರ್ ಮುಚ್ಚಳ, ಡಿಪ್‌ಸ್ಟಿಕ್ ರಬ್ಬರ್, ಆಯಿಲ್ ಕ್ಯಾಪ್ ಸರಿಯಿವೆಯೇ ನೋಡಿ. ಗಾಡಿಯನ್ನು ಹಲಗೆಗಳ ಮೇಲೆ ನಿಲ್ಲಿಸಿ. ಹೊರಗೆ ಕಾಣುವ ಸಿಲಿಂಡರ್ ರಾಡಿಗೆ ಗ್ರೀಸ್ ಬಳಿಯಿರಿ.

ಹಳೇ ಗಾಡಿಗಳ ಅವರ್ ಮೀಟರ್ ಬಹುತೇಕ ಕೆಟ್ಟಿರುತ್ತದೆ. ಹಾಗಾಗಿ ಒಂದು ಪುಸ್ತಕವಿಟ್ಟು ಆಪರೇಟರ್ ಕೈಯಲ್ಲೇ ದಿನದ ಗಂಟೆ, ಹಾಕಿದ ಆಯಿಲ್, ಕೇಳಿದ ಸದ್ದು ಬರೆಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಎಲ್ಲದಕ್ಕೂ ‘ನೈಂಟಿ ಆಯಿಲ್’. ಆಯಿಲಿನಲ್ಲಿ ಮುಳುಗಿರುವ ಸ್ಟೀರಿಂಗ್ ಕ್ಲಚ್‌ಗೆ ಈ ಗೇರ್ ಆಯಿಲ್ ಸುರಿದರೆ ಪ್ಲೇಟು ಜಾರತೊಡಗುತ್ತದೆ. ಕೈಪಿಡಿ ಹೇಳಿದ ದರ್ಜೆಯೇ ಬೇಕು.
- ಒಂದೇ ಕಡೆ ತಿರುಗಿಸುವುದು. ಯಾವಾಗಲೂ ಎಡಕ್ಕೇ ತಿರುಗುವ ಕೆಲಸ ಹಾಕಿಕೊಂಡರೆ ಒಂದು ಬದಿ ಬೇಗ ಸವೆಯುತ್ತದೆ. ತಳ್ಳುವ ದಾರಿಯನ್ನು ಆಗಾಗ ಬದಲಿಸಿ.
- ರಿವರ್ಸಿನಲ್ಲಿ ಜೋರು. ಹಿಂದಕ್ಕೆ ಓಡುವಾಗ ಬುಷ್–ಸ್ಪ್ರಾಕೆಟ್ ಸವೆತ ಹೆಚ್ಚು. ಮರಳಿ ಬರುವುದು ನಿಧಾನವಿರಲಿ.
- ಅಗಲ ಪ್ಲೇಟು. ಕೆಸರಿಗೆಂದು ಹಾಕಿದ ಅಗಲ ಪ್ಲೇಟಿನಲ್ಲೇ ಕ್ವಾರಿ ಕೆಲಸ ಮಾಡಿದರೆ ಪ್ಲೇಟು ಬಾಗಿ ಬೋಲ್ಟು ಸಡಿಲವಾಗುತ್ತದೆ.
- ನೋಟದ ಮೇಲೆ ಬಿಡಿಭಾಗ ಕೊಳ್ಳುವುದು. ಜೆ.ಸಿ. ರಸ್ತೆಯಲ್ಲಾಗಲಿ, ಶಿವಾಜಿನಗರದ ಗುಜರಿಯಲ್ಲಾಗಲಿ ಹಳೇ ಭಾಗವನ್ನೂ ಪಾರ್ಟ್ ನಂಬರನ್ನೂ ಒಯ್ಯಿರಿ. ಬೇರಿಂಗ್ ಆದರೆ ಅದರ ಮೇಲಿನ ನಂಬರೇ ಸಾಕು.

ಎಚ್ಚರಿಕೆ

1. ಚೈನು ಸಡಿಲಿಸುವಾಗ ಗ್ರೀಸ್ ಪ್ಲಗ್ಗನ್ನು ನಿಧಾನವಾಗಿ, ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ. ಒಳಗಿನ ಒತ್ತಡಕ್ಕೆ ಪ್ಲಗ್ ಗುಂಡಿನಂತೆ ಹಾರುತ್ತದೆ. ಮುಖ, ಹೊಟ್ಟೆ ಅದರ ಎದುರಿಗೆ ಇರಕೂಡದು. ಚರ್ಮದೊಳಗೆ ಗ್ರೀಸ್ ಅಥವಾ ಹೈಡ್ರಾಲಿಕ್ ಆಯಿಲ್ ಹೊಕ್ಕರೆ ಗಾಯ ಸಣ್ಣದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

2. ಎತ್ತಿದ ಬ್ಲೇಡಿನ ಕೆಳಗೆ ಕೈಹಾಕಬೇಡಿ. ನೆಲಕ್ಕಿಳಿಸಿ, ಇಲ್ಲವೇ ರೈಲ್ವೆ ಸ್ಲೀಪರಿನಂಥ ಗಟ್ಟಿ ಮರದ ದಿಮ್ಮಿ ಕೊಡಿ. ಜಾಕನ್ನೇ ನಂಬಬೇಡಿ.

3. ಮಾಸ್ಟರ್ ಪಿನ್ನು ಹೊಡೆಯುವಾಗ ಕನ್ನಡಕ ಕಡ್ಡಾಯ. ಗಟ್ಟಿ ಉಕ್ಕಿಗೆ ಸುತ್ತಿಗೆ ತಾಗಿದರೆ ಚೂರು ಸಿಡಿಯುತ್ತದೆ.

4. ಹಳೇ ಬ್ರೇಕ್, ಕ್ಲಚ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ.

5. ಇಳಿಜಾರಿನಲ್ಲಿ ಸ್ಟೀರಿಂಗ್ ಉಲ್ಟಾ ಆಗಬಹುದು. ಗಾಡಿಯೇ ಎಂಜಿನ್ನನ್ನು ತಳ್ಳಿಕೊಂಡು ಇಳಿಯುವಾಗ ಎಡ ಲಿವರ್ ಎಳೆದರೆ ಎಡ ಚೈನು ಬಿಡುಗಡೆಯಾಗಿ ಮುಂದೋಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಹೊಸ ಆಪರೇಟರ್‌ಗೆ ಇದನ್ನು ಸಮತಟ್ಟು ಜಾಗದಲ್ಲೇ ವಿವರಿಸಿ.

6. ಉಕ್ಕಿನ ಚೈನಿನ ಗಾಡಿಯನ್ನು ಟಾರು ರಸ್ತೆಗೆ ಇಳಿಸಬೇಡಿ. ಡಿ50 12 ಟನ್ ಆಸುಪಾಸು, ಡಿ80 20 ಟನ್ ದಾಟುತ್ತದೆ. ಲೋಬೆಡ್ ಟ್ರೈಲರಿನಲ್ಲೇ ಸಾಗಿಸಿ. ಹೆಬ್ಬಾಳದ ಮೂಲಕ ಸಾಗಿಸುವುದಾದರೆ ಭಾರಿ ವಾಹನಗಳ ಸಮಯ ನಿರ್ಬಂಧ, ಕೆಳಸೇತುವೆಯ ಎತ್ತರ, ಒಳರಸ್ತೆಗಳ ವಿದ್ಯುತ್ ತಂತಿ ಮೊದಲೇ ನೋಡಿಕೊಳ್ಳಿ.

ರಿಪೇರಿಯೋ, ಗುಜರಿಯೋ?

ಅಳತೆ ಮುಗಿದ ಮೇಲೆ ಲೆಕ್ಕ ಸುಲಭ. ಎರಡು ಬದಿಯ ಚೈನು–ರೋಲರ್–ಸ್ಪ್ರಾಕೆಟ್, ಸ್ಟೀರಿಂಗ್ ಕ್ಲಚ್, ಎಂಜಿನ್ ಈ ಮೂರರಲ್ಲಿ ಒಂದು ಮಾತ್ರ ಕೈಕೊಟ್ಟಿದ್ದರೆ ರಿಪೇರಿ ಮಾಡಿಸಿ. ಎರಡು ಕೈಕೊಟ್ಟಿದ್ದರೆ ಎರಡಕ್ಕೂ ಬರಹದಲ್ಲಿ ಅಂದಾಜು ತರಿಸಿ, ಅಷ್ಟೇ ಕೆಲಸಕ್ಕೆ ಬಾಡಿಗೆ ಡೋಜರ್ ತಗಲುವ ಖರ್ಚಿನೊಂದಿಗೆ ಹೋಲಿಸಿ. ಮೂರೂ ಹೋಗಿದ್ದರೆ ಆ ಗಾಡಿಯನ್ನು ಅದೇ ಮಾದರಿಯ ಇನ್ನೊಂದಕ್ಕೆ ಬಿಡಿಭಾಗ ಕೊಡುವ ಗಾಡಿಯಾಗಿ ಇಟ್ಟುಕೊಳ್ಳುವುದೇ ಲಾಭ. ಇನ್ನೂ ಕೊಂಡಿಲ್ಲದವರು ಹರಾಜಿಗೆ ಹೋಗುವಾಗ ಟೇಪು, ಆಯಸ್ಕಾಂತ, ಬಿಳಿ ಬಟ್ಟಲು ಜೇಬಿಗೆ–ಚೀಲಕ್ಕೆ ಹಾಕಿಕೊಳ್ಳಿ. ಮಾಲೀಕ ಆಯಿಲ್ ಪ್ಲಗ್ ಸಡಿಲಿಸಲು ಒಪ್ಪದಿದ್ದರೆ ಬೆಲೆ ಎಷ್ಟೇ ಇಳಿದರೂ ಬಿಡ್ ಕೂಗಬೇಡಿ.